ಜಲಜಶಿಲೆಗಳ ಕಾಂತಶಾಸನ: ಅದರ ಕಾಲನಿರ್ಣಯದ ಚರಿತ್ರೆ

೧. ವಿಷಯ ಪ್ರವೇಶ

ಹೈದರಾಬಾದಿನ ಪಶ್ಚಿಮಕ್ಕಿರುವ ಗಚ್ಚಿಬೌಲಿಯ ಹೆಸರಿನಲ್ಲಿ ಕನ್ನಡಿಗರ ಕಿವಿಗೆ ಒಡನೆಯೇ ಪರಿಚಿತವೆನಿಸುವ ಎರಡು ಮಾತುಗಳು ಕೇಳಿಬರುತ್ತವೆ: ಒಂದು ಗಚ್ಚು, ಇನ್ನೊಂದು ಬೌಲಿ, ಎಂದರೆ ಮೆಟ್ಟಿಲು ಬಾವಿ. ಆದರೆ ಆ ನೆಲದ ಒಡೆತನವೆಲ್ಲ ಕಗ್ಗಲ್ಲಿನದು. ೧೯೭೪ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಉಳಿದುಬಂದಿರುವ ಬಂಡೆಗಳ ರಾಶಿ ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟು. ಭೂಗರ್ಭದ ಕಾದ ದ್ರವವು ಆರಿ ಹೆಪ್ಪುಗಟ್ಟಿದ ಕಲ್ಲು. ನೀರಿನಲ್ಲಿ ಮಡ್ಡಿ ಇಳಿದು ಪದರಪದರವಾಗಿ ಕಟ್ಟಿದ ಜಲಜಶಿಲೆ ಅಲ್ಲಿ ಹುಟ್ಟಿದುದಲ್ಲ. ಆದರೂ ಹೈದರಾಬಾದಿನ ಹಳೆಯ ಮನೆಗಳಲ್ಲಿ ಜಲಜಶಿಲೆಯನ್ನು ಕಾಣಲು ದೂರ ಹೋಗಬೇಕಾದುದಿಲ್ಲ. ಅವುಗಳ ನೆಲಕ್ಕೆ ಹಾಸಿರುವ ಶಹಾಬಾದಿನ ಮತ್ತು ತಾಂಡೂರಿನ ಕಲ್ಲು ಜಲಜಶಿಲೆಯೇ ಆಗಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗೆಯ ಶಹಾಬಾದು ಕನ್ನಡನಾಡಿಗೂ ತಾಂಡೂರು ತೆಲುಗುನಾಡಿಗೂ ಸೇರಿದುವು. ಆದರೆ ಅವೆರಡರ ಸುಣ್ಣಗಲ್ಲು ಒಂದೇ ಭೀಮಾ ಜಲಾನಯನದ ಒಂದೇ ಪುರಾತನ ಕಡಲಿನ ತಳದಲ್ಲಿ ಕಟ್ಟಿದ್ದು.

ಇಂತಹ ಕಲ್ಲು ತಾನು ಹುಟ್ಟಿದ ಕಾಲದ ಭೂಕಾಂತತ್ವದ ದಿಕ್ಕನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆಂಬುದು ಇಪ್ಪತ್ತನೆಯ ಶತಮಾನದ ಭೂವಿಜ್ಞಾನದ ಒಂದು ದೊಡ್ಡ ಶೋಧ. ಶಾಸನಗಳನ್ನು ಬಲ್ಲ ವಾಚಕರಿಗೆ ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಶಾಸನವೊಂದು ಒಂದು ಕಾಲವನ್ನು ಹೇಳಿಕೊಂಡಮಾತ್ರಕ್ಕೆ ಅದು ಆ ಕಾಲದಲ್ಲಿಯೇ ಕೆತ್ತಿದ್ದೆಂದು ಒಪ್ಪುವಂತಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ಇವರ ನಡುವೆ ನಡೆದ ವಾದವು ಇದನ್ನು ಕುರಿತದ್ದೇ. ಹಾಗೆಯೇ ಕಲ್ಲಿನ ಕಾಂತಶಾಸನವೂ ಮಡ್ಡಿ ಇಳಿದ ದಿನದ್ದೋ, ಅದು ಗಟ್ಟಿಯಾಗುವಾಗಿನದೋ, ಅಥವಾ ಯಾವುದೋ ಪರಕಾಲದಲ್ಲಿ ಹಳೆಯ ಬರಹದ ಮೇಲೆ ತಿದ್ದಿದ ಕೂಟಶಾಸನವೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಈ ನಿರ್ಣಯದ ಚರಿತ್ರೆಯೇ ಪ್ರಕೃತ ಲೇಖನದ ವಿಷಯ. ಅದರ ಒಂದು ಮುಖ್ಯ ಅಧ್ಯಾಯ ಹೈದರಾಬಾದಿಗೇ ಸಂಬಂಧಪಟ್ಟದ್ದು.

೨. ಮಡ್ಡಿಯು ಕಾಂತವಾಗುವ ಬಗೆ

ಮಳೆಗಾಲದಲ್ಲಿ ಕೆರೆಗೆ ಹರಿದುಬರುವ ಕೆಂಪು ನೀರಿನಲ್ಲಿ ಮಣ್ಣು ಮರಳುಗಳ ಜೊತೆಗೆ ಕಬ್ಬಿಣದ ಆಕ್ಸೈಡುಗಳ ಅತಿ ಸಣ್ಣ ಕಣಗಳೂ ಇರುತ್ತವೆ. ಅವುಗಳಲ್ಲಿ ಮ್ಯಾಗ್ನಟೈಟು ಮತ್ತು ಹೆಮಟೈಟು ಎಂಬ ಎರಡು ಖನಿಜಗಳು ಮುಖ್ಯ. ಮೊದಲನೆಯದು ಪೂರ್ವಿಕರು ಸೂಜಿಗಲ್ಲೆಂದು ಕರೆದ ವಸ್ತುವೇ. ಇಂತಹ ಪ್ರತಿಯೊಂದು ಕಣವೂ ಒಂದು ಪುಟ್ಟ ದಿಕ್ಸೂಚಿ. ನಿಂತ ನೀರಿನಲ್ಲಿ ಅದು ನಿಧಾನವಾಗಿ ಕೆಳಗಿಳಿಯುವಾಗ ಭೂಮಿಯ ಕಾಂತಕ್ಷೇತ್ರವು ಅದನ್ನು ತನ್ನ ದಿಕ್ಕಿಗೆ ತಿರುಗಿಸಲು ಯತ್ನಿಸುತ್ತದೆ. ನೀರಿನ ಅಲುಗಾಟವೂ ಅಣುಗಳ ತಾಕಲಾಟವೂ ಅದನ್ನು ಕದಲಿಸಲು ಯತ್ನಿಸುತ್ತವೆ. ಕಣಗಳೆಲ್ಲವೂ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಆದರೆ ಕೋಟಿಗಟ್ಟಲೆ ಕಣಗಳ ಒಟ್ಟು ಒಲವು ಮಾತ್ರ ಭೂಕ್ಷೇತ್ರದ ಕಡೆಗಿರುತ್ತದೆ. ತಳದ ಮಡ್ಡಿ ಒತ್ತಿ ಗಟ್ಟಿಯಾದಾಗ ಆ ಒಲವು ಅಲ್ಲಿಯೇ ಸೆರೆಯಾಗಿ ಉಳಿಯುತ್ತದೆ. ಇದಕ್ಕೆ ಸಂಚಯನ ಕಾಂತತ್ವವೆಂದು ಹೆಸರಿಡಬಹುದು.

ಈ ಒಲವನ್ನು ಅಳೆಯುವುದರಿಂದ ಆಗುವ ಪ್ರಯೋಜನ ದೊಡ್ಡದು. ಭೂಮಿಯ ಕಾಂತಕ್ಷೇತ್ರವು ಉತ್ತರದಿಕ್ಕನ್ನು ತೋರಿಸುವುದಲ್ಲದೆ ನೆಲದ ಮಟ್ಟಕ್ಕೆ ಓರೆಯಾಗಿಯೂ ಇರುತ್ತದೆ. ಈ ಓರೆಯನ್ನು ನತಿ ಎನ್ನುತ್ತಾರೆ. ಭೂಮಧ್ಯರೇಖೆಯ ಬಳಿ ನತಿ ಇಲ್ಲ. ಧ್ರುವದ ಬಳಿ ಸೂಜಿ ಲಂಬವಾಗಿ ನಿಲ್ಲುತ್ತದೆ. ಸಾವಿರಾರು ವರ್ಷಗಳ ಸರಾಸರಿಯನ್ನು ತೆಗೆದುಕೊಂಡರೆ ನತಿಯ ಸ್ಪರ್ಶಜ್ಯೆಯು ಅಕ್ಷಾಂಶದ ಸ್ಪರ್ಶಜ್ಯೆಯ ಇಮ್ಮಡಿಯಾಗಿರುತ್ತದೆಂಬುದು ಗಣಿತದಿಂದ ಸಿದ್ಧವಾದ ನಿಯಮ. ಹೈದರಾಬಾದಿನ ೧೭ ಡಿಗ್ರಿಗಿಂತ ತುಸು ಹೆಚ್ಚಿನ ಅಕ್ಷಾಂಶಕ್ಕೆ ಈ ನಿಯಮದಂತೆ ಬರುವ ನತಿ ಸುಮಾರು ೩೨ ಡಿಗ್ರಿ. ಆದುದರಿಂದ ಕಲ್ಲಿನೊಳಗಿನ ನತಿಯನ್ನು ಓದಿದವನು ಆ ಕಲ್ಲು ಹುಟ್ಟಿದಾಗ ಆ ನೆಲ ಯಾವ ಅಕ್ಷಾಂಶದಲ್ಲಿತ್ತೆಂಬುದನ್ನು ಹೇಳಬಲ್ಲನು. ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್‌ಫ್ರೆಡ್ ವೆಗನರನು ೧೯೧೨ರಲ್ಲಿ ಸಾರಿದ ವಾದಕ್ಕೆ ಸಾಕ್ಷಿ ದೊರೆಯಬಹುದಾದ ದಾರಿಯೂ ಇದೇ ಆಯಿತು.

೩. ಮೊದಲ ಅಳತೆಗಳೂ ಮೊದಲ ಸಂದೇಹವೂ

ಫ್ರಾನ್ಸಿನ ಬ್ರೂನ್ಸ್ ೧೯೦೬ರಲ್ಲಿ, ಜಪಾನಿನ ಮತುಯಾಮ ೧೯೨೯ರಲ್ಲಿ, ಈಗಿನ ಕ್ಷೇತ್ರಕ್ಕೆ ತದ್ವಿರುದ್ಧವಾಗಿ ಕಾಂತವಾದ ಶಿಲೆಗಳನ್ನು ವರ್ಣಿಸಿದ್ದರು. ಅವರ ಗಮನ ಬಹುಮಟ್ಟಿಗೆ ಬೆಂಕಿಯಲ್ಲಿ ಹುಟ್ಟಿದ ಕಲ್ಲುಗಳ ಮೇಲಿತ್ತು. ನೀರಿನಲ್ಲಿ ಇಳಿದ ಮಡ್ಡಿಯನ್ನು ವ್ಯವಸ್ಥಿತವಾಗಿ ಅಳೆದವರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಮೆಕ್‌ನಿಶ್ ಮತ್ತು ಜಾನ್ಸನ್ ಮೊದಲಿಗರು. ಹಿಮನದಿಗಳು ಕರಗಿ ಉಂಟಾದ ಸರೋವರಗಳ ತಳದಲ್ಲಿ ವರ್ಷಕ್ಕೊಂದರಂತೆ ಕಟ್ಟಿದ ಜೇಡಿಪದರಗಳನ್ನು ಅವರು ೧೯೩೮ರಲ್ಲಿ ಪರೀಕ್ಷಿಸಿದರು. ಸ್ವೀಡನ್ನಿನ ಈಸಿಂಗ್ ೧೯೪೩ರಲ್ಲಿ ಅಂತಹದೇ ಜೇಡಿಯನ್ನು ಅಳೆದು, ಅದರ ನತಿ ಇರಬೇಕಾದುದಕ್ಕಿಂತ ಕಡಮೆಯಾಗಿ ಕಾಣುವುದನ್ನು ಗುರುತಿಸಿದರು.

ಬಹು ದುರ್ಬಲವಾದ ಕಾಂತತ್ವವನ್ನು ಅಳೆಯಬಲ್ಲ ಉಪಕರಣವೊಂದು ಸಿದ್ಧವಾದುದು ಬೇರೊಂದು ಉದ್ದೇಶಕ್ಕೆ. ೧೯೪೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪ್ಯಾಟ್ರಿಕ್ ಬ್ಲ್ಯಾಕೆಟ್, ತಿರುಗುವ ವಸ್ತುಗಳೆಲ್ಲಕ್ಕೂ ಕಾಂತತ್ವವಿರುತ್ತದೆಂಬ ತಮ್ಮ ಊಹೆಯನ್ನು ಪರೀಕ್ಷಿಸುವುದಕ್ಕಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ೧೫ ಕಿಲೋಗ್ರಾಮಿಗೂ ಮಿಕ್ಕ ಬಂಗಾರವನ್ನು ಎರವಲು ತಂದು, ಅದರ ಪಕ್ಕದಲ್ಲಿಡಲು ಅತಿ ಸೂಕ್ಷ್ಮವಾದ ಕಾಂತಮಾಪಕವನ್ನು ನಿರ್ಮಿಸಿದರು. ಊಹೆ ಸುಳ್ಳಾಯಿತು, ೧೯೫೨ರಲ್ಲಿ ಅವರೇ ಅದನ್ನು ಪ್ರಕಟಿಸಿದರು. ಆದರೆ ಉಪಕರಣವು ಉಳಿಯಿತು, ಕಲ್ಲುಗಳನ್ನು ಅಳೆಯಲು ಬಂದಿತು. ಬ್ಲ್ಯಾಕೆಟರ ಬಳಗದ ಕ್ಲೆಗ್, ಆಲ್ಮಂಡ್ ಮತ್ತು ಸ್ಟಬ್ಸ್ ೧೯೫೪ರಲ್ಲಿ ಇಂಗ್ಲೆಂಡಿನ ಟ್ರಯಾಸಿಕ್ ಯುಗದ ಕೆಂಪು ಮರಳುಗಲ್ಲುಗಳನ್ನು ಅಳೆದು, ಆ ನೆಲವು ಅಂದಿನಿಂದ ೩೪ ಡಿಗ್ರಿಗಳಷ್ಟು ತಿರುಗಿದೆಯೆಂದು ತೋರಿಸಿದರು. ಅಲ್ಲಿ ಕಂಡ ನತಿಯೂ ಇಂದಿನದಕ್ಕಿಂತ ಬಹಳ ಕಡಮೆಯಾಗಿತ್ತು. ಇಂಗ್ಲೆಂಡು ಒಮ್ಮೆ ಭೂಮಧ್ಯರೇಖೆಗೆ ಹತ್ತಿರದಲ್ಲಿತ್ತೆಂದು ಇದರಿಂದ ತಿಳಿಯಬಹುದಾಗಿತ್ತು.

ಅದರ ಮರುವರ್ಷವೇ ಈ ವಾದಕ್ಕೆ ಒಂದು ತೊಡಕು ಎದುರಾಯಿತು. ಕಿಂಗ್ ಎಂಬ ಸಂಶೋಧಕರು ಹಿಮನದಿಯ ಜೇಡಿಯನ್ನು ನೀರಿನಲ್ಲಿ ಕದಡಿ, ತಿಳಿದ ಕ್ಷೇತ್ರದಲ್ಲಿ ಮತ್ತೆ ಇಳಿಯಬಿಟ್ಟರು. ಹೀಗೆ ಇಳಿದ ಮಡ್ಡಿಯ ನತಿ ಕ್ಷೇತ್ರದ ನತಿಗಿಂತ ಕಡಮೆಯಾಗಿ ಬಂದಿತು. ಅದರ ಸ್ಪರ್ಶಜ್ಯೆಯು ಕ್ಷೇತ್ರದ ನತಿಯ ಸ್ಪರ್ಶಜ್ಯೆಯ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಮಾತ್ರವಿತ್ತು. ಚಪ್ಪಟೆಯಾದ ಕಣಗಳು ತಳಕ್ಕೆ ಬಿದ್ದೊಡನೆ ಅಡ್ಡಲಾಗಿ ಮಲಗಿಬಿಡುವುದೂ ದುಂಡನೆಯ ಕಣಗಳು ಉರುಳುವುದೂ ಇದಕ್ಕೆ ಕಾರಣ. ಇದರ ಪರಿಣಾಮವನ್ನು ಲೆಕ್ಕ ಹಾಕಿದರೆ ವಿಷಯದ ಗಾಂಭೀರ್ಯ ಸ್ಪಷ್ಟವಾಗುತ್ತದೆ. ನಿಜವಾದ ನತಿ ೬೦ ಡಿಗ್ರಿಯಾಗಿದ್ದರೆ ಕಲ್ಲಿನಲ್ಲಿ ಕಾಣುವುದು ೩೫ ಡಿಗ್ರಿ; ೪೧ ಡಿಗ್ರಿ ಅಕ್ಷಾಂಶದ ನೆಲವನ್ನು ಅಳೆಯುವವನು ೧೯ ಡಿಗ್ರಿಯಲ್ಲಿತ್ತೆಂದು ಬರೆಯುತ್ತಾನೆ. ತಪ್ಪು ಸುಮಾರು ೨,೪೦೦ ಕಿಲೋಮೀಟರುಗಳದು. ಕನ್ಯಾಕುಮಾರಿಯಿಂದ ದೆಹಲಿಯನ್ನು ದಾಟಿ ಹೋಗುವಷ್ಟು. ಖಂಡಗಳು ಚಲಿಸಿದುವೆಂಬ ಮಾತೇ ಮಡ್ಡಿಯ ಕಣಗಳು ಒರಗಿದುದರಿಂದ ಹುಟ್ಟಿದ ಭ್ರಮೆಯಾಗಿರಬಹುದಲ್ಲವೆ ಎಂದು ವಿರೋಧಿಗಳು ಕೇಳುವಂತಾಯಿತು.

೪. ಇಳಿದ ಮೇಲೆ ಬರೆಯುವ ಬರಹ

ಈ ತೊಡಕನ್ನು ಬಿಡಿಸುವುದರಲ್ಲಿ ಎಡ್ವರ್ಡ್ ಅರ್ವಿಂಗರ ಪಾತ್ರ ಹಿರಿದು. ಭಾರತದ ಶಿಲೆಗಳನ್ನು ಅಳೆದರೆ ವೆಗನರನ ವಾದವನ್ನು ಒರೆಗೆ ಹಚ್ಚಬಹುದೆಂದು ೧೯೫೧ರಲ್ಲಿಯೇ ಕೇಂಬ್ರಿಜ್ಜಿನಲ್ಲಿ ಕಂಡುಕೊಂಡವರು ಅವರು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರರು ಇದಕ್ಕೆ ಪ್ರೋತ್ಸಾಹ ಕೊಟ್ಟರು. ಗೋಳದ ಮೇಲೆ ಚೆದರಿದ ದಿಕ್ಕುಗಳ ಸರಾಸರಿಯನ್ನು ನಿರ್ಣಯಿಸುವ ಅವರ ೧೯೫೩ರ ವಿಧಾನವು ಇಂದಿಗೂ ಈ ಶಾಸ್ತ್ರದ ತಳಹದಿಯಾಗಿದೆ. ಸ್ಕಾಟ್ಲೆಂಡಿನ ಟಾರಿಡನ್ ಪ್ರದೇಶದ ಪುರಾತನ ಮರಳುಗಲ್ಲುಗಳನ್ನು ಕುರಿತು ಅರ್ವಿಂಗರು ಬರೆದ ಪ್ರಬಂಧಕ್ಕೆ ೧೯೫೪ರಲ್ಲಿ ಕೇಂಬ್ರಿಜ್ಜಿನ ಪರೀಕ್ಷಕರು ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಆದರೆ ಮುಂದಿನ ಶೋಧಕ್ಕೆ ಬೀಜವಾದುದು ಅದೇ ಮರಳುಗಲ್ಲು.

ಟಾರಿಡನ್ನಿನಲ್ಲಿ ಕೆಲವು ಪದರಗಳು ಇನ್ನೂ ಹಸಿಯಾಗಿದ್ದಾಗಲೇ ನೀರಿನ ತಳದಲ್ಲಿ ಜಾರಿ ಸುರುಳಿ ಸುತ್ತಿಕೊಂಡಿದ್ದುವು. ಕಾಂತತ್ವವು ಮಡ್ಡಿ ಇಳಿದ ಗಳಿಗೆಯಲ್ಲಿಯೇ ಸೆರೆಯಾಗಿದ್ದರೆ ಅದೂ ಪದರದೊಡನೆ ಸುತ್ತಿಕೊಂಡಿರಬೇಕಾಗಿತ್ತು. ಅಳೆದಾಗ ಹಾಗಿರಲಿಲ್ಲ. ಸುರುಳಿಯ ಎಲ್ಲ ಮಗ್ಗುಲುಗಳಲ್ಲಿಯೂ ದಿಕ್ಕು ಒಂದೇ ಆಗಿತ್ತು. ಎಂದರೆ ಪದರಗಳು ಜಾರಿ ನಿಂತ ಮೇಲೆ, ಆದರೆ ಕಲ್ಲಾಗುವ ಮೊದಲು, ಕಾಂತಶಾಸನವು ಬರೆಯಲ್ಪಟ್ಟಿತ್ತು. ಜಾನ್ ಗ್ರಹಾಂ ೧೯೪೯ರಲ್ಲಿ ಸೂಚಿಸಿದ್ದ ಮಡಿಕೆಯ ಪರೀಕ್ಷೆಯೇ ಇಲ್ಲಿ ಹೊಸ ರೀತಿಯಲ್ಲಿ ಉಪಯೋಗಕ್ಕೆ ಬಂದಿತು. ಬಾಗಿದ ಪದರಗಳನ್ನು ಲೆಕ್ಕದಲ್ಲಿ ಬಿಡಿಸಿ ಹಾಸಿದಾಗ ದಿಕ್ಕುಗಳು ಒಂದುಗೂಡಿದರೆ ಕಾಂತತ್ವವು ಬಾಗುವುದಕ್ಕೆ ಮೊದಲಿನದು, ಚೆದರಿಹೋದರೆ ಆಮೇಲಿನದು ಎಂಬುದು ಆ ಪರೀಕ್ಷೆಯ ಸಾರ.

ಅರ್ವಿಂಗ್ ಮತ್ತು ಮೇಜರ್ ೧೯೬೪ರಲ್ಲಿ ಇದನ್ನು ಪ್ರಯೋಗದಿಂದ ಸ್ಥಾಪಿಸಿದರು. ಒಣಗಿದ ಮರಳಿಗೆ ಮ್ಯಾಗ್ನಟೈಟಿನ ಹುಡಿಯನ್ನು ಬೆರೆಸಿ ಪಾತ್ರೆಯಲ್ಲಿ ತುಂಬಿ, ನಿಯತವಾದ ಕ್ಷೇತ್ರದಲ್ಲಿಟ್ಟು ನೀರನ್ನು ಹಾಯಿಸಿದರು. ಇಲ್ಲಿ ಯಾವ ಕಣವೂ ಮೇಲಿನಿಂದ ಇಳಿಯಲಿಲ್ಲ. ಆದರೂ ಮರಳು ಕಾಂತವಾಯಿತು, ಅದೂ ಕ್ಷೇತ್ರದ ದಿಕ್ಕಿಗೆ ನಿಖರವಾಗಿ, ಕಿಂಗರು ಕಂಡ ನತಿದೋಷವಿಲ್ಲದೆ. ದಪ್ಪ ಕಣಗಳು ಒಂದರ ಮೇಲೊಂದು ಕುಳಿತ ಮೇಲೂ ಅವುಗಳ ನಡುವಣ ಸಂದುಗಳಲ್ಲಿ ನೀರಿರುತ್ತದೆ. ಸಣ್ಣ ಕಾಂತಕಣಗಳು ಆ ನೀರಿನಲ್ಲಿ ತಿರುಗಲು ಸ್ವತಂತ್ರವಾಗಿರುತ್ತವೆ. ಮೇಲಿನ ಭಾರದಿಂದ ನೀರು ಹಿಂಡಿಹೋಗಿ ಸಂದುಗಳು ಬಿಗಿದಾಗ ಮಾತ್ರ ಅವು ನೆಲೆಗೊಳ್ಳುತ್ತವೆ. ೧೯೭೩ರಲ್ಲಿ ಕೆಂಟ್ ಎಂಬವರು ಆಳಸಾಗರದ ಕೆಸರನ್ನು ಕಲಕಿ ನಿಲ್ಲಿಸಿ ಇದೇ ಫಲವನ್ನು ಪಡೆದರು. ಕಡಲ ತಳದ ಹುಳುಗಳು ಕೆಸರನ್ನು ಸದಾ ತೋಡಿ ಮಗುಚುತ್ತಿರುವುದರಿಂದ ಈ ಪ್ರಯೋಗವು ನಿಸರ್ಗಕ್ಕೆ ಹೆಚ್ಚು ಸಮೀಪವಾದುದು.

ಹೀಗೆ ನತಿಯ ದೋಷ ಬಹುಮಟ್ಟಿಗೆ ಪರಿಹಾರವಾಯಿತು. ಅದರ ಬದಲು ಕಾಲದ ದೋಷ ತಲೆದೋರಿತು. ಬರಹವು ಮಡ್ಡಿ ಇಳಿದ ಎಷ್ಟು ವರ್ಷಗಳ ಮೇಲಿನದು? ಆಳಸಾಗರದಲ್ಲಿ ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಕೆಸರು ಇಳಿಯುತ್ತಿದ್ದು, ಹತ್ತು ಸೆಂಟಿಮೀಟರು ಆಳದಲ್ಲಿ ಕಣಗಳು ನೆಲೆಗೊಳ್ಳುವುದಾದರೆ, ಶಾಸನವು ಶಿಲೆಗಿಂತ ಹತ್ತು ಸಾವಿರ ವರ್ಷ ಕಿರಿಯದಾಗುತ್ತದೆ. ಭೂಕಾಂತವು ಕೊನೆಯ ಬಾರಿ ದಿಕ್ಕು ಬದಲಿಸಿದುದು ಸುಮಾರು ೭.೭ ಲಕ್ಷ ವರ್ಷಗಳ ಹಿಂದೆ. ಆ ಪಲ್ಲಟವು ಬೇರೆ ಬೇರೆ ವೇಗದಲ್ಲಿ ಇಳಿದ ಕೆಸರುಗಳಲ್ಲಿ ಎಷ್ಟು ಆಳಕ್ಕೆ ಕಾಣುತ್ತದೆಂಬುದನ್ನು ಹೋಲಿಸಿ ಡಿಮೆನೊಕಲ್, ರಡಿಮನ್ ಮತ್ತು ಕೆಂಟ್ ೧೯೯೦ರಲ್ಲಿ ಈ ಆಳವನ್ನು ಸುಮಾರು ೧೬ ಸೆಂಟಿಮೀಟರೆಂದು ಎಣಿಸಿದರು. ಲಿಸಾ ಟಾಕ್ಸ್ ಮತ್ತು ಸಂಗಡಿಗರು ೧೯೯೬ರಲ್ಲಿ ಹೆಚ್ಚು ಉದಾಹರಣೆಗಳನ್ನು ಕೂಡಿಸಿ, ಅದು ಕೆಲವೇ ಸೆಂಟಿಮೀಟರುಗಳೆಂದು ವಾದಿಸಿದರು. ಒಂದೇ ಸಂಖ್ಯೆ ಎಲ್ಲ ಮಡ್ಡಿಗೂ ಹೊಂದದೆಂಬುದು ಈ ವಾದದಿಂದ ದೊರೆತ ಪಾಠ.

೫. ಹೈದರಾಬಾದಿನ ಅಧ್ಯಾಯ

ಭಾರತದ ಶಿಲೆಗಳ ಅಳತೆ ಲಾವಾದಿಂದ ಮೊದಲಾಯಿತು. ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ೧೯೫೬ರಲ್ಲಿ ದಖನ್ನಿನ ಕರಿಗಲ್ಲಿನ ಫಲಿತಾಂಶಗಳನ್ನು ಪ್ರಕಟಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ರಾಧಾಕೃಷ್ಣಮೂರ್ತಿ ಮತ್ತು ಸಹಸ್ರಬುದ್ಧೆಯವರು ಡಾಯ್ಚರೊಡನೆ ಕೂಡಿ ಆ ಕೆಲಸವನ್ನು ಮುಂದುವರಿಸಿದರು. ಆ ಲಾವಾ ಹರಿದಾಗ ಭಾರತವು ಭೂಮಧ್ಯರೇಖೆಯ ಆಚೆ, ದಕ್ಷಿಣಾರ್ಧಗೋಳದಲ್ಲಿತ್ತೆಂದು ತಿಳಿದುಬಂದಿತು. ಆರಿದ ಲಾವಾದಲ್ಲಿ ಕಣಗಳು ಒರಗುವ ಮಾತೇ ಇಲ್ಲದುದರಿಂದ ನತಿದೋಷದ ಆಕ್ಷೇಪಣೆ ಇದಕ್ಕೆ ತಟ್ಟುವಂತಿರಲಿಲ್ಲ. ಆದರೆ ದಖನ್ನಿನ ಲಾವಾದ ವಯಸ್ಸು ಆರೂವರೆ ಕೋಟಿ ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಅದಕ್ಕೆ ಹಿಂದಿನ ಪಯಣವನ್ನು ಅರಿಯಲು ಗೊಂಡ್ವಾನ ಕಾಲದ ಜಲಜಶಿಲೆಗಳ ಮೊರೆಹೋಗಬೇಕಾಗಿತ್ತು.

೧೯೬೧ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯು ಈ ಕೆಲಸವನ್ನು ಕೈಗೆತ್ತಿಕೊಂಡಿತು. ನಗರದ ಪೂರ್ವಕ್ಕೆ ಉಪ್ಪಲ್ ರಸ್ತೆಯಲ್ಲಿರುವ ಆ ಸಂಸ್ಥೆಗೆ ಗೋದಾವರಿ ಕಣಿವೆಯ ಮರಳುಗಲ್ಲುಗಳು ಹತ್ತಿರದ ನೆರೆಯವು. ವರ್ಮಾ ಮತ್ತು ಪುಲ್ಲಯ್ಯನವರು ಅಲ್ಲಿಯ ತಿರುಪತಿ ಮರಳುಗಲ್ಲನ್ನು ೧೯೬೭ರಲ್ಲಿಯೂ, ವರ್ಮಾ ಮತ್ತು ಭಲ್ಲಾ ಅವರು ಅದಕ್ಕಿಂತ ಹಳೆಯದಾದ, ಪರ್ಮಿಯನ್ ಯುಗದ ಕೊನೆಯ ಕಾಲದ ಕಾಂಠಿ ಮರಳುಗಲ್ಲನ್ನು ೧೯೬೮ರಲ್ಲಿಯೂ ವಿವೇಚಿಸಿದರು. ಹೆಸರು ತಿರುಪತಿಯದಾದರೂ ಮೊದಲನೆಯದು ವೇಂಕಟಾಚಲದ ಕಲ್ಲಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಸಮುದ್ರದಾಚೆಯ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದ್ದ ವಾದವು ಹೀಗೆ ತೆಲುಗುನಾಡಿನ ಕೆಂಪು ಕಲ್ಲಿನ ಮೇಲೆ ಹೈದರಾಬಾದಿನಲ್ಲಿಯೇ ಪರೀಕ್ಷೆಗೆ ಬಂದಿತು.

ಕೆಂಪು ಕಲ್ಲಿಗೆ ತನ್ನದೇ ಆದ ತೊಂದರೆಯುಂಟು. ಅದರ ಬಣ್ಣಕ್ಕೆ ಕಾರಣವಾದ ಹೆಮಟೈಟು ಮಡ್ಡಿಯೊಡನೆ ಇಳಿದು ಬಂದದ್ದೂ ಆಗಿರಬಹುದು. ಇಳಿದ ಮೇಲೆ ಸಂದುಗಳಲ್ಲಿ ಹರಿದ ನೀರಿನಿಂದ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಬೆಳೆದದ್ದೂ ಆಗಿರಬಹುದು. ಬೆಳೆಯುವ ಖನಿಜವು ತಾನು ಬೆಳೆದ ಕಾಲದ ಕ್ಷೇತ್ರವನ್ನು ದಾಖಲು ಮಾಡುತ್ತದೆಯೇ ಹೊರತು ಮರಳು ಇಳಿದ ಕಾಲದ್ದನ್ನಲ್ಲ. ಇದು ರಾಸಾಯನಿಕ ಕಾಂತತ್ವ. ಕೆಂಪು ಮರಳುಗಲ್ಲುಗಳನ್ನು ಕುರಿತು ೧೯೭೦ರ ದಶಕದಲ್ಲಿ ಪಂಡಿತರೊಳಗೆ ಎದ್ದ ದೀರ್ಘವಿವಾದಕ್ಕೆ ಮೂಲವಾದುದು ಇದೇ.

೬. ಬರೆದುದು ಉಳಿಯುವ ಬಗೆ

ಬರಹ ಎಂದು ಬಿತ್ತೆಂಬುದರ ಜೊತೆಗೆ ಅದು ಅಳಿಸದೆ ಉಳಿದಿದೆಯೆ ಎಂಬುದನ್ನೂ ವಿಚಾರಿಸಬೇಕು. ಫ್ರಾನ್ಸಿನ ಲೂಯಿ ನೇಲ್ ೧೯೪೯ರಲ್ಲಿ ಇದರ ತತ್ತ್ವವನ್ನು ತಿಳಿಸಿದರು. ಕಣದ ಕಾಂತತ್ವವು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೊರಳಲು ಒಂದು ತಡೆಯನ್ನು ದಾಟಬೇಕು. ಕಣ ದೊಡ್ಡದಾದಷ್ಟೂ ತಡೆ ಎತ್ತರ. ಶಾಖ ಹೆಚ್ಚಿದಷ್ಟೂ ದಾಟುವುದು ಸುಲಭ. ಒಂದು ಕಣವು ಕ್ಷಣಮಾತ್ರದಲ್ಲಿ ಮರೆಯುವುದನ್ನು ಅದಕ್ಕಿಂತ ತುಸುವೇ ದೊಡ್ಡದಾದ ಇನ್ನೊಂದು ಕಣವು ಕೋಟಿ ವರ್ಷ ನೆನೆಯಬಲ್ಲದು. ಮ್ಯಾಗ್ನಟೈಟಿನ ನೆನಪು ಪೂರ್ತಿಯಾಗಿ ಅಳಿಯುವುದು ಸುಮಾರು ೫೮೦ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಹೆಮಟೈಟಿನದು ಸುಮಾರು ೬೭೫ರಲ್ಲಿ. ಆದರೆ ಅಷ್ಟು ಕಾಯದಿದ್ದರೂ ಮಿತವಾದ ಶಾಖವು ದೀರ್ಘಕಾಲ ಇದ್ದರೆ ಸಾಕು, ಹಳೆಯ ಬರಹದ ಒಂದು ಪಾಲು ಅಳಿಸಿ ಹೊಸದು ಮೂಡುತ್ತದೆ. ನೇಲರಿಗೆ ೧೯೭೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ತತ್ತ್ವವನ್ನು ಭೂವಿಜ್ಞಾನಿಗಳ ಕೈಗೆ ಉಪಯುಕ್ತವಾದ ಅಳತೆಗೋಲಾಗಿ ಮಾಡಿಕೊಟ್ಟ ಲೇಖನವು ೧೯೭೫ರಲ್ಲಿ ಪ್ರಕಟವಾಯಿತು. ಶಿಲೆಗಳು ಹೂತುಹೋಗುವುದರಿಂದಲೂ ಮತ್ತೆ ಮೇಲೇಳುವುದರಿಂದಲೂ ಆಗುವ ಕಾಂತತ್ವದ ಮಾರ್ಪಾಡುಗಳನ್ನು ಕುರಿತ ಆ ಲೇಖನದ ಕರ್ತೃಗಳಲ್ಲಿ ಅರ್ವಿಂಗ್, ಬ್ಯುಕನ್ ಮತ್ತು ಡನ್‌ಲಪ್ ಸೇರಿದ್ದಾರೆ. ಆದರೆ ಮೊದಲನೆಯ ಹೆಸರು ಗೋದಾವರಿಯ ಮರಳುಗಲ್ಲನ್ನು ಅಳೆದ ಪುಲ್ಲಯ್ಯನವರದು. ಎಷ್ಟು ಕಾಲ ಎಷ್ಟು ಶಾಖದಲ್ಲಿ ಇದ್ದ ಕಣದ ನೆನಪನ್ನು ಪ್ರಯೋಗಶಾಲೆಯ ಅಲ್ಪಕಾಲದಲ್ಲಿ ಅಳಿಸಲು ಎಷ್ಟು ಶಾಖ ಬೇಕೆಂಬುದನ್ನು ಅವರು ರೇಖಾಚಿತ್ರಗಳಲ್ಲಿ ತೋರಿಸಿದರು. ಮರುಬರಹದ ಕಾಲವನ್ನೂ ಶಾಖವನ್ನೂ ಊಹಿಸಲು ಇಂದಿಗೂ ಲೋಕದಾದ್ಯಂತ ಸಂಶೋಧಕರು ಅವುಗಳನ್ನು ಪುಲ್ಲಯ್ಯನವರ ರೇಖೆಗಳೆಂದೇ ಕರೆದು ಬಳಸುತ್ತಾರೆ. ಹೈದರಾಬಾದಿನಲ್ಲಿ ಮೊದಲಾದ ಒಂದು ಪ್ರಾದೇಶಿಕ ಅಧ್ಯಯನದಿಂದ ಬಂದ ವಿದ್ವಾಂಸರೊಬ್ಬರ ಹೆಸರು ಹೀಗೆ ಈ ಶಾಸ್ತ್ರದ ಪರಿಭಾಷೆಯಲ್ಲಿಯೇ ಸೇರಿಹೋಯಿತು.

೭. ಭೀಮಾತೀರದ ಕಲ್ಲು, ಚಿತ್ರದುರ್ಗದ ಕೆರೆ

ಈಗ ಶಹಾಬಾದಿನ ಹಾಸುಗಲ್ಲಿಗೆ ಬರಬಹುದು. ರಾಬರ್ಟ್ ಬ್ರೂಸ್ ಫೂಟ್ ೧೮೭೬ರ ತಮ್ಮ ವರದಿಯಲ್ಲಿ ದಕ್ಷಿಣ ಮಹಾರಾಷ್ಟ್ರ ಪ್ರಾಂತವೆಂದು ಆಗ ಕರೆಯುತ್ತಿದ್ದ ನಾಡಿನ ಕಲಾದಗಿ ಮತ್ತು ಭೀಮಾ ಶಿಲಾಶ್ರೇಣಿಗಳನ್ನು ವರ್ಣಿಸಿದ್ದಾರೆ. ಈ ಭೀಮಾ ಪದರಗಳ ಕಾಂತಶಾಸನವನ್ನು 
ಓದುವವನಿಗೆ ಮೇಲೆ ಹೇಳಿದ ಸಂದೇಹಗಳೆಲ್ಲವೂ ಒಟ್ಟಿಗೆ ಎದುರಾಗುತ್ತವೆ. ಸುಣ್ಣಗಲ್ಲಿನಲ್ಲಿ ಕಾಂತಕಣಗಳು ವಿರಳ; ಬರಹ ಮಸುಕು. ನೇರಳೆ ಬಣ್ಣದ ಜೇಡುಗಲ್ಲಿನಲ್ಲಿ ಹೆಮಟೈಟು ಇದ್ದರೂ ಅದು ಎಂದು ಬೆಳೆಯಿತೆಂಬುದನ್ನು ವಿಚಾರಿಸಬೇಕು. ಶಹಾಬಾದಿನ ಕಲ್ಲು ಹಾಸಲು ಅನುಕೂಲವಾಗಿರುವುದು ಅದರ ಪದರಗಳು ಬಹುತೇಕ ಬಾಗದೆ ಸಮತಟ್ಟಾಗಿ ಉಳಿದಿರುವುದರಿಂದ. ಮನೆ ಕಟ್ಟುವವನಿಗೆ ವರವಾದ ಈ ಗುಣವೇ ಸಂಶೋಧಕನಿಗೆ ಅಡ್ಡಿ. ಮಡಿಕೆಗಳೇ ಇಲ್ಲದೆಡೆಯಲ್ಲಿ ಮಡಿಕೆಯ ಪರೀಕ್ಷೆಗೆ ಅವಕಾಶವೆಲ್ಲಿ? ಇದಲ್ಲದೆ ಉತ್ತರದಲ್ಲಿ ಭೀಮಾ ಪದರಗಳ ಮೇಲೆ ದಖನ್ನಿನ ಲಾವಾ ಹರಿದು ನಿಂತಿದೆ. ಆ ಲಾವಾದ ಶಾಖವೂ ಭಾರವೂ ಹಳೆಯ ಬರಹವನ್ನು ಎಷ್ಟರಮಟ್ಟಿಗೆ ತಿದ್ದಿರಬಹುದೆಂಬುದನ್ನು ಕಲ್ಲನ್ನು ಹಂತಹಂತವಾಗಿ ಕಾಯಿಸಿ, ಹೊಸ ಬರಹವನ್ನು ಮೊದಲು ಅಳಿಸಿ, ಒಳಗಿನದನ್ನು ಹೊರತೆಗೆದೇ ತಿಳಿಯಬೇಕು. ಶಾಸನದ ಮೇಲಿನ ಸುಣ್ಣವನ್ನು ಕೆರೆದು ಅಕ್ಷರವನ್ನು ಕಾಣುವ ಕೆಲಸಕ್ಕೆ ಇದು ಹತ್ತಿರ.

ಕನ್ನಡನಾಡಿನಲ್ಲಿ ಇನ್ನೊಂದು ದಾರಿಯೂ ತೆರೆದಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಆರ್. ಶಂಕರ್ ಮತ್ತು ಅವರ ಸಂಗಡಿಗರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳನ್ನು ಅಳೆದು, ಸುಮಾರು ೩,೭೦೦ ವರ್ಷಗಳ ಮಳೆಯ ಏರಿಳಿತವನ್ನು ಅದರಿಂದ ಓದಿದರು. ಇಲ್ಲಿ ಅವರು ಮುಖ್ಯವಾಗಿ ನೋಡಿದುದು ಕಾಂತಕಣಗಳ ಪ್ರಮಾಣವನ್ನು. ಮಳೆ ಹೆಚ್ಚಿದ ಕಾಲದಲ್ಲಿ ಸುತ್ತಣ ಮಣ್ಣಿನಲ್ಲಿ ಸೂಕ್ಷ್ಮವಾದ ಕಾಂತಖನಿಜ ಹೆಚ್ಚಾಗಿ ಹುಟ್ಟಿ ಕೆರೆಗೆ ತೊಳೆದುಹೋಗುತ್ತದೆ. ಕಡಮೆಯಾದಾಗ ಅದೂ ಕಡಮೆಯಾಗುತ್ತದೆ. ಪ್ರಮಾಣವನ್ನು ಓದುವುದಕ್ಕೆ ಕಣ ಯಾವಾಗ ನೆಲೆಗೊಂಡಿತೆಂಬ ಪ್ರಶ್ನೆ ಅಷ್ಟಾಗಿ ಬಾಧಿಸದು. ಆದರೆ ಆ ಖನಿಜ ಕೆರೆಯೊಳಗೆ ಕರಗದೆ ಉಳಿದಿದೆಯೆ, ಅಲ್ಲಿಯೇ ಹೊಸದಾಗಿ ಹುಟ್ಟಿತೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಭೂಕಾಂತದ ದಿಕ್ಕನ್ನು ಹಿಡಿದು ಈಜುವ ಬ್ಯಾಕ್ಟೀರಿಯಗಳು ತಮ್ಮ ಒಡಲಲ್ಲಿಯೇ ಮ್ಯಾಗ್ನಟೈಟಿನ ಹರಳುಗಳನ್ನು ಕಟ್ಟಿಕೊಳ್ಳುತ್ತವೆಂಬುದು ೧೯೭೫ರಲ್ಲಿ ಬ್ಲೇಕ್‌ಮೋರರ ಶೋಧದ ಬಳಿಕ ತಿಳಿದುಬಂದಿದೆ. ಅವು ಸತ್ತ ಮೇಲೆ ಆ ಹರಳುಗಳೂ ಹೂಳಿಗೇ ಸೇರುತ್ತವೆ.

೮. ಉಪಸಂಹಾರ

ಮೇಲಿನ ಚರಿತ್ರೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮಡ್ಡಿಯ ಕಾಂತತ್ವವು ಒಂದೇ ಗಳಿಗೆಯಲ್ಲಿ ಹುಟ್ಟುವುದಲ್ಲ. ಇಳಿಯುವಾಗ, ಇಳಿದು ಒತ್ತುವಾಗ, ಖನಿಜ ಬೆಳೆಯುವಾಗ, ಹೂತು ಕಾಯುವಾಗ ಅದು ಹಲವು ಬಾರಿ ಬರೆಯಲ್ಪಡಬಹುದು. ಈ ಬರಹಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವ ಪರೀಕ್ಷೆಗಳು ಇವೆ. ಅವನ್ನು ಮಾಡದೆ ಕಲ್ಲಿನ ಮಾತನ್ನು ನಂಬುವಂತಿಲ್ಲ. ಆ ಪರೀಕ್ಷೆಗಳನ್ನು ದಾಟಿ ಬಂದ ಸಾಕ್ಷ್ಯದಿಂದಲೇ ಭಾರತವು ದಕ್ಷಿಣಾರ್ಧಗೋಳದಿಂದ ಇಲ್ಲಿಗೆ ಬಂದುದು ಇಂದು ಸಂದೇಹಾತೀತವಾಗಿದೆ. ಫ್ಲೀಟರ ಸಂಶಯದಿಂದ ಗಂಗರ ಚರಿತ್ರೆ ನಾಶವಾಗಲಿಲ್ಲ, ಅದರ ಆಧಾರಗಳು ಗಟ್ಟಿಯಾದುವು. ಕಿಂಗರ ಜೇಡಿಯ ಪ್ರಯೋಗದಿಂದ ಖಂಡಚಲನವಾದಕ್ಕೂ ಅಂತಹದೇ ಉಪಕಾರವಾಯಿತೆಂದು ಹೇಳಬೇಕಾಗುತ್ತದೆ. ಭೀಮಾತೀರದ ಪದರಗಳೂ ಕನ್ನಡನಾಡಿನ ಸಾವಿರಾರು ಕೆರೆಗಳ ಹೂಳೂ ಇದೇ ಎಚ್ಚರಿಕೆಯಿಂದ ಓದಬಲ್ಲವರನ್ನು ಎದುರುನೋಡುತ್ತಿವೆ. ಕೆರೆಗಳ ಹೂಳನ್ನು ಎತ್ತಿ ಹೊಲಗಳಿಗೆ ಸಾಗಿಸುವ ಕೆಲಸ ಎಲ್ಲೆಡೆಯೂ ನಡೆದಿರುವುದರಿಂದ, ಅಗೆಯುವ ಮುನ್ನ ಕೆಲವು ಕೆರೆಗಳ ತಳದಿಂದಲಾದರೂ ಪದರ ಕೆಡದಂತೆ ಮಾದರಿಗಳನ್ನು ತೆಗೆದಿಡುವುದು ಅವಶ್ಯಕ. ಒಮ್ಮೆ ಕದಡಿದ ಹೂಳು ಹಳೆಯ ಕಾಲವನ್ನು ಮತ್ತೆ ಹೇಳಲಾರದು.